ಸರ್ವರ್‌ಗೆ ಕೇಳಬೇಕಾದ ಸರಿಯಾದ ಪ್ರಶ್ನೆ

ಖಾಸಗಿ ಬಸ್ಸುಗಳ ಟಿಕೆಟ್ ಬುಕಿಂಗ್ ಸಾಫ್ಟ್‌ವೇರ್ ನೋಡಿಕೊಳ್ಳುವುದು ನನ್ನ ಕೆಲಸ. ಹುಬ್ಬಳ್ಳಿ, ಮಂಗಳೂರು, ಶಿವಮೊಗ್ಗ, ಕಲಬುರಗಿ ಕಡೆಗೆ ರಾತ್ರಿ ಹೊರಡುವ ಸ್ಲೀಪರ್ ಬಸ್ಸುಗಳ ಸೀಟುಗಳು ಅದರಲ್ಲಿ ಬುಕ್ ಆಗುತ್ತವೆ. ಆ ಸಾಫ್ಟ್‌ವೇರ್ ಓಡುವ ಪ್ರತಿಯೊಂದು ಸರ್ವರ್‌ಗೂ 30 ಸೆಕೆಂಡಿಗೊಮ್ಮೆ ಒಂದು ಕೋರಿಕೆ ಬರುತ್ತದೆ. ಅದಕ್ಕೆ ಸೀಟು ಬೇಡ, ಬಸ್ಸಿನ ಸಮಯ ಬೇಡ, ರಿಯಾಯಿತಿ ಕೂಪನ್ನೂ ಬೇಡ. ಸರ್ವರ್ ಸರಿಯಾಗಿದೆಯೇ ಇಲ್ಲವೇ ಎಂಬ ಒಂದೇ ಉತ್ತರ ಸಾಕು. ಉತ್ತರ ಸಿಕ್ಕಿತೆಂದರೆ ಹೊರಟುಹೋಗುತ್ತದೆ. ಅರ್ಧ ನಿಮಿಷ ಕಳೆದರೆ ಮತ್ತೆ ಹಾಜರು. ಲೆಕ್ಕ ಹಾಕಿದರೆ ಒಂದು ಸರ್ವರ್ ದಿನಕ್ಕೆ 2,880 ಸಲ ಈ ಪ್ರಶ್ನೆಗೆ ಉತ್ತರಿಸುತ್ತದೆ.

ಈ ಉತ್ತರ ಕೊಡಲೆಂದೇ ಸಾಫ್ಟ್‌ವೇರ್‌ನಲ್ಲಿ ಒಂದು ಪ್ರತ್ಯೇಕ ವಿಳಾಸ ಇಟ್ಟಿರುತ್ತೇವೆ. ತಾಣದ ಹೆಸರಾದ ಮೇಲೆ ಒಂದು ಓರೆಗೆರೆ, ಅದರ ಮುಂದೆ ‘ಹೆಲ್ತ್’ ಎಂದಿರುವ ವಿಳಾಸ. ಇದನ್ನು ನಾವು ಹೆಲ್ತ್ ಎಂಡ್‌ಪಾಯಿಂಟ್ ಎನ್ನುತ್ತೇವೆ. ಟಿಕೆಟ್ ಕೊಳ್ಳುವವರು ಇದನ್ನು ಒಮ್ಮೆಯೂ ತೆರೆದು ನೋಡಿರುವುದಿಲ್ಲ, ನೋಡಬೇಕಾಗಿಯೂ ಇಲ್ಲ. ಆದರೆ ಅವರ ಟಿಕೆಟ್, ಅವರು ಕಳಿಸುವ ಹಣ, ಅವರ ಮಕ್ಕಳ ಪರೀಕ್ಷಾ ಫಲಿತಾಂಶ ಅವರನ್ನು ಸಲೀಸಾಗಿ ತಲುಪುವುದೋ ಇಲ್ಲವೋ ಎಂಬುದು ಬಹಳ ಮಟ್ಟಿಗೆ ಇಂಥ ವಿಳಾಸಗಳಿಂದ ಬರುವ ಉತ್ತರದ ಮೇಲೆ ನಿಂತಿದೆ. ಆ ಉತ್ತರ ನಿಜವಾಗಿರಬೇಕು. ಅಷ್ಟೇ ಸಾಲದು, ನಾವು ಕೇಳುತ್ತಿರುವುದೇನು, ಉತ್ತರ ಬಂದ ಮೇಲೆ ಮಾಡುವುದೇನು ಎಂಬುದೂ ನಮಗೆ ಗೊತ್ತಿರಬೇಕು. ವರ್ಷಗಳಿಂದ ಈ ಕೆಲಸದಲ್ಲಿರುವ ನನಗೆ ಖಚಿತವಾಗಿರುವ ಮಾತು ಇದೊಂದೇ.

ಪ್ರಶ್ನೆ ಕೇಳುವವರು ಯಾರು?

ದೊಡ್ಡ ತಾಣಗಳು ಒಂದೇ ಕಂಪ್ಯೂಟರಿನಲ್ಲಿ ನಡೆಯುವುದಿಲ್ಲ. ಒಂದೇ ಸಾಫ್ಟ್‌ವೇರ್‌ನ ಹಲವು ಪ್ರತಿಗಳು ಹಲವು ಸರ್ವರ್‌ಗಳಲ್ಲಿ ಏಕಕಾಲಕ್ಕೆ ಓಡುತ್ತಿರುತ್ತವೆ. ಅವುಗಳ ಮುಂದೆ ಲೋಡ್ ಬ್ಯಾಲೆನ್ಸರ್ ಇರುತ್ತದೆ. ಬರುವ ಕೋರಿಕೆಗಳನ್ನು ಸರ್ವರ್‌ಗಳಿಗೆ ಹಂಚುವುದು ಅದರ ಕೆಲಸ. ಹಂಚಬೇಕಾದರೆ ಯಾವ ಸರ್ವರ್ ಕೆಲಸ ಮಾಡುತ್ತಿದೆ, ಯಾವುದು ನಿಂತುಹೋಗಿದೆ ಎಂಬುದು ಅದಕ್ಕೆ ತಿಳಿದಿರಬೇಕು. ಆ 30 ಸೆಕೆಂಡಿನ ಪ್ರಶ್ನೆ ಬರುವುದು ಅದಕ್ಕಾಗಿ.

ಉತ್ತರದಲ್ಲಿ ಮುಖ್ಯವಾದದ್ದು ಮೂರಂಕಿಯ ಒಂದು ಸಂಖ್ಯೆ. ವೆಬ್ ಮಾತಾಡುವ ಎಚ್‌ಟಿಟಿಪಿಯಲ್ಲಿ 200 ಎಂದರೆ ಎಲ್ಲ ಸರಿ, 503 ಎಂದರೆ ಸದ್ಯಕ್ಕೆ ಸೇವೆ ಕೊಡಲಾಗದು. ಪುಟ ಸಿಗದಿದ್ದಾಗ ಕಾಣುವ 404 ಕೂಡ ಇದೇ ಸಾಲಿನದು. ಅಮೆಜಾನ್‌ನ ಕ್ಲೌಡ್ ಸೇವೆಯಾದ ಎಡಬ್ಲ್ಯುಎಸ್‌ನ ಅಪ್ಲಿಕೇಶನ್ ಲೋಡ್ ಬ್ಯಾಲೆನ್ಸರನ್ನು ಏನೂ ಬದಲಿಸದೆ ಬಳಸಿದರೆ ಲೆಕ್ಕ ಹೀಗಿರುತ್ತದೆ: 30 ಸೆಕೆಂಡಿಗೊಂದು ಪ್ರಶ್ನೆ, 5 ಸೆಕೆಂಡಿನೊಳಗೆ ಉತ್ತರ ಬರಬೇಕು, ಸತತ 2 ಸಲ ತಪ್ಪಿದರೆ ಆ ಸರ್ವರ್‌ಗೆ ಕೋರಿಕೆ ಕಳಿಸುವುದು ನಿಲ್ಲುತ್ತದೆ, ಸತತ 5 ಸಲ 200 ಬಂದ ಮೇಲೆಯೇ ಅದು ಮತ್ತೆ ಸಾಲಿಗೆ ಸೇರುತ್ತದೆ. ಕೆಟ್ಟ ಸರ್ವರ್ ಸುಮಾರು ಒಂದು ನಿಮಿಷದಲ್ಲಿ ಹೊರಗೆ ಹೋಗುತ್ತದೆ, ಸರಿಹೋದದ್ದು ಒಳಗೆ ಬರಲು ಎರಡೂವರೆ ನಿಮಿಷ ಬೇಕು. ಬೇಗ ಕೈಬಿಡು, ನಿಧಾನವಾಗಿ ನಂಬು ಎಂಬ ಲೆಕ್ಕಾಚಾರ ಇದರ ಹಿಂದಿದೆ. ಒಂದೇ ಸಲ ಉತ್ತರ ತಪ್ಪಿತೆಂದು ಸರ್ವರನ್ನು ಹೊರಗೆ ಹಾಕಿದರೆ, ನೆಟ್‌ವರ್ಕ್ ಕ್ಷಣಕಾಲ ತಡವರಿಸಿದಾಗಲೆಲ್ಲ ಸರ್ವರ್‌ಗಳು ಒಳಗೂ ಹೊರಗೂ ಓಡಾಡುತ್ತಿರುತ್ತವೆ.

ಯಂತ್ರಕ್ಕೆ ‘ಇದ್ದೀಯಾ’ ಎಂದು ಕೇಳುವ ಪದ್ಧತಿ ವೆಬ್‌ಗಿಂತ ಹಳೆಯದು. 1983ರ ಡಿಸೆಂಬರ್‌ನಲ್ಲಿ ಅಮೆರಿಕ ಸೈನ್ಯದ ಬ್ಯಾಲಿಸ್ಟಿಕ್ ರಿಸರ್ಚ್ ಲ್ಯಾಬೊರೇಟರಿಯಲ್ಲಿದ್ದ ಮೈಕ್ ಮೂಸ್ ‘ಪಿಂಗ್’ ಎಂಬ ಪುಟ್ಟ ಪ್ರೋಗ್ರಾಂ ಬರೆದರು. ಜಲಾಂತರ್ಗಾಮಿಗಳು ಶಬ್ದ ಕಳಿಸಿ ಪ್ರತಿಧ್ವನಿಯಿಂದ ದೂರ ಅಳೆಯುವ ಸೋನಾರ್ ಅವರಿಗೆ ಮಾದರಿಯಾಗಿತ್ತು. ಇನ್ನೊಂದು ಕಂಪ್ಯೂಟರಿಗೆ ಒಂದು ಪುಟ್ಟ ಸಂದೇಶ ಕಳಿಸುವುದು, ಅದು ಮರಳಿ ಬರಲು ಎಷ್ಟು ಹೊತ್ತಾಯಿತೆಂದು ನೋಡುವುದು. ಇಂದಿಗೂ ಅದನ್ನು ನಾವು ದಿನವೂ ಬಳಸುತ್ತೇವೆ. ಆದರೆ ಪಿಂಗ್‌ಗೆ ಉತ್ತರ ಬಂತೆಂದರೆ ಆ ಯಂತ್ರಕ್ಕೆ ಕರೆಂಟಿದೆ, ನೆಟ್‌ವರ್ಕ್ ಇದೆ ಎಂದಷ್ಟೇ ಅರ್ಥ. ಅದರೊಳಗೆ ನಮ್ಮ ಸಾಫ್ಟ್‌ವೇರ್ ಓಡುತ್ತಿದೆಯೇ? ಅದು ಹೇಳದು. ಹೆಲ್ತ್ ಎಂಡ್‌ಪಾಯಿಂಟ್‌ನಲ್ಲಿ ಸಾಫ್ಟ್‌ವೇರ್ ತಾನೇ ಉತ್ತರಿಸುತ್ತದೆ. ವ್ಯತ್ಯಾಸ ಇರುವುದು ಇಲ್ಲಿ.

ಪರದೆ ತುಂಬ ಹಸಿರು

ಒಂದು ಗೌರಿ ಹಬ್ಬದ ಹಿಂದಿನ ದಿನ ಸಂಜೆಯ ಸಂಗತಿ ಹೇಳುತ್ತೇನೆ. ಊರಿಗೆ ಹೊರಟವರ ನೂಕುನುಗ್ಗಲು. ಬೆಂಗಳೂರಿನ ಆನಂದರಾವ್ ವೃತ್ತದ ಸುತ್ತಮುತ್ತ ಖಾಸಗಿ ಬಸ್ಸುಗಳ ಬುಕಿಂಗ್ ಕಚೇರಿಗಳು ಸಾಲುಸಾಲಾಗಿವೆ. ಅಲ್ಲಿಯ ಏಜೆಂಟರೊಬ್ಬರು ನೇರ ನನಗೇ ಫೋನ್ ಮಾಡಿದರು.

“ಮೇಡಂ, ಸೀಟು ಸೆಲೆಕ್ಟ್ ಮಾಡಿದ್ರೆ ಸುತ್ತುತ್ತಾನೇ ಇದೆ. ಆಮೇಲೆ ಎರರ್ ಬರ್ತಿದೆ.”

“ನಮ್ಮ ಕಡೆ ಎಲ್ಲಾ ಸರ್ವರೂ ಅಪ್ ಇದೆಯಲ್ಲ ಸರ್.”

“ನಿಮ್ಮ ಕಡೆ ಇರಬಹುದು ಮೇಡಂ. ಇಲ್ಲಿ ಕೌಂಟರ್ ಮುಂದೆ ಲಗೇಜು ಹಿಡ್ಕೊಂಡು ಜನ ನಿಂತಿದ್ದಾರೆ.”

ಇಬ್ಬರೂ ಹೇಳಿದ್ದು ನಿಜವೇ. ನನ್ನ ಎದುರಿನ ಪರದೆಯಲ್ಲಿ ಒಂದೂ ಕೆಂಪು ಚುಕ್ಕೆ ಇರಲಿಲ್ಲ. ಪ್ರತಿ ಸರ್ವರ್‌ನ ಹೆಲ್ತ್ ವಿಳಾಸವೂ ಕ್ಷಣಮಾತ್ರದಲ್ಲಿ 200 ಎನ್ನುತ್ತಿತ್ತು, ಪಕ್ಕದಲ್ಲಿ ‘ಸ್ಟೇಟಸ್: ಅಪ್’ ಎಂಬ ಒಂದು ಸಾಲು. ಅತ್ತ ಕೌಂಟರಿನಲ್ಲಿ ಒಂದು ಟಿಕೆಟ್ಟೂ ಆಗುತ್ತಿರಲಿಲ್ಲ.

ಒಳಗೆ ನಡೆಯುತ್ತಿದ್ದುದನ್ನು ಹತ್ತಿರದಿಂದ ನೋಡೋಣ. ನಮ್ಮ ಸಾಫ್ಟ್‌ವೇರ್ ಜಾವಾದಲ್ಲಿ, ಸ್ಪ್ರಿಂಗ್ ಬೂಟ್ ಬಳಸಿ ಬರೆದದ್ದು. ಅದರೊಳಗಿನ ಟಾಮ್‌ಕ್ಯಾಟ್ ಎಂಬ ಭಾಗ, ಯಾರೂ ಬದಲಿಸದಿದ್ದರೆ, ಒಂದು ಸರ್ವರ್‌ನಲ್ಲಿ ಏಕಕಾಲಕ್ಕೆ 200 ಕೋರಿಕೆಗಳವರೆಗೆ ನಿಭಾಯಿಸುತ್ತದೆ. ಆದರೆ ಸೀಟಿನ ಮಾಹಿತಿ ಇರುವುದು ಡೇಟಾಬೇಸಿನಲ್ಲಿ. ಅಲ್ಲಿಗೆ ಹೋಗಲು ಕನೆಕ್ಷನ್ ಬೇಕು. ಕನೆಕ್ಷನ್ ಹಂಚುವ ಹಿಕಾರಿಸಿಪಿ ಎಂಬ ಭಾಗ, ಅದನ್ನೂ ಬದಲಿಸದಿದ್ದರೆ, ಹೆಚ್ಚೆಂದರೆ 10 ಕನೆಕ್ಷನ್ ಇಟ್ಟುಕೊಳ್ಳುತ್ತದೆ. ಹತ್ತೂ ಬಳಕೆಯಲ್ಲಿದ್ದರೆ ಹನ್ನೊಂದನೆಯವರು 30 ಸೆಕೆಂಡ್ ಕಾಯಬೇಕು; ಆಗಲೂ ಸಿಗದಿದ್ದರೆ ಎರರ್. ಮಾಮೂಲಿ ದಿನಗಳಲ್ಲಿ ಒಂದು ಕನೆಕ್ಷನ್ನಿನ ಕೆಲಸ ಮಿಲಿಸೆಕೆಂಡುಗಳಲ್ಲಿ ಮುಗಿಯುವುದರಿಂದ ಹತ್ತೇ ಧಾರಾಳ.

ಆ ಸಂಜೆ ಹಬ್ಬದ ದರ ಬದಲಿಸುವ ಒಂದು ದೊಡ್ಡ ಕೆಲಸ ಸೀಟುಗಳ ಟೇಬಲ್ಲನ್ನು ಲಾಕ್ ಮಾಡಿಕೊಂಡು ಕುಳಿತಿತ್ತು. ಸೀಟು ಆರಿಸಿದ ಮೊದಲ ಹತ್ತು ಜನರ ಕೋರಿಕೆಗಳು ಹತ್ತು ಕನೆಕ್ಷನ್ ಹಿಡಿದುಕೊಂಡು ಆ ಲಾಕ್ ಬಿಡುವುದನ್ನೇ ಕಾಯುತ್ತಿದ್ದವು. ಅವರ ನಂತರ ಬಂದವರೆಲ್ಲ ಕನೆಕ್ಷನ್ನಿಗಾಗಿ ಕಾದರು, 30 ಸೆಕೆಂಡಿನ ಕೊನೆಗೆ ಎರರ್ ನೋಡಿದರು. ಎಲ್ಲ ಸರ್ವರ್‌ಗಳಲ್ಲೂ ಇದೇ ಕಥೆ. ಹೆಲ್ತ್ ವಿಳಾಸಕ್ಕೆ ಮಾತ್ರ ಡೇಟಾಬೇಸಿನ ಹಂಗೇ ಇರಲಿಲ್ಲ. ಅದು ಮೊದಲೇ ಬರೆದಿಟ್ಟ ‘ಅಪ್’ ಎಂಬ ಉತ್ತರವನ್ನು ಹಿಂದಿರುಗಿಸುತ್ತಿತ್ತು, ಅಷ್ಟೇ. ಸಾಫ್ಟ್‌ವೇರ್ ಓಡುತ್ತಿದೆಯೇ ಎಂದು ಕೇಳಿದ್ದೆವು, ಓಡುತ್ತಿದೆ ಎಂದಿತು. ಟಿಕೆಟ್ ಆಗುತ್ತಿದೆಯೇ ಎಂದು ಯಾರೂ ಕೇಳಿರಲೇ ಇಲ್ಲ.

ದರ ಬದಲಿಸುವ ಕೆಲಸವನ್ನು ಡೇಟಾಬೇಸಿನಲ್ಲಿ ನಿಲ್ಲಿಸಿದೆವು. ಲಾಕ್ ಬಿಟ್ಟಿತು, ಕಾಯುತ್ತಿದ್ದ ಕೋರಿಕೆಗಳು ಕರಗಿದವು, ಕೌಂಟರ್‌ಗಳಲ್ಲಿ ಟಿಕೆಟ್ ಆಗತೊಡಗಿತು. ಸರ್ವರ್‌ಗಳನ್ನು ಮುಟ್ಟಬೇಕಾಗಿಯೇ ಬರಲಿಲ್ಲ.

ತಿಪಟೂರಿನಲ್ಲಿರುವ ನನ್ನ ಅಮ್ಮನಿಗೆ ಫೋನ್ ಮಾಡಿ “ಹೇಗಿದ್ದೀಯಮ್ಮ” ಎಂದರೆ “ನನಗೇನಾಗಿದೆ, ಚೆನ್ನಾಗಿದ್ದೀನಿ” ಎಂಬ ಉತ್ತರ ಖಾತ್ರಿ. “ಬೆಳಿಗ್ಗೆ ಬಿಪಿ ಎಷ್ಟಿತ್ತು? ಮಾತ್ರೆ ಇನ್ನೆಷ್ಟು ಉಳಿದಿದೆ?” ಎಂದು ಕೇಳಿದಾಗಲೇ ನಿಜಸ್ಥಿತಿ ತಿಳಿಯುವುದು. ಸರ್ವರ್ ವಿಷಯದಲ್ಲೂ ಹಾಗೆಯೇ, ಪ್ರಶ್ನೆ ಎಷ್ಟು ನಿರ್ದಿಷ್ಟವೋ ಉತ್ತರ ಅಷ್ಟು ಉಪಯುಕ್ತ.

ಆಳವಾಗಿ ಕೇಳುವುದರ ಅಪಾಯ

ಹಾಗಾದರೆ ಹೆಲ್ತ್ ವಿಳಾಸದಲ್ಲಿ ಎಲ್ಲವನ್ನೂ ಪರೀಕ್ಷಿಸಿಬಿಟ್ಟರಾಯಿತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಸ್ಪ್ರಿಂಗ್ ಬೂಟ್‌ನಲ್ಲಿ ಅದಕ್ಕೆ ಅನುಕೂಲವೂ ಇದೆ. ಅದರ ಆಕ್ಚುಯೇಟರ್ ಎಂಬ ಭಾಗವನ್ನು ಸೇರಿಸಿಕೊಂಡರೆ ಡೇಟಾಬೇಸ್ ಉತ್ತರಿಸುತ್ತಿದೆಯೇ, ಡಿಸ್ಕಿನಲ್ಲಿ ಕನಿಷ್ಠ 10 ಎಂಬಿ ಜಾಗ ಉಳಿದಿದೆಯೇ, ಇಮೇಲ್ ಕಳಿಸುವ ಸರ್ವರ್ ಸಿಗುತ್ತಿದೆಯೇ ಎಂದೆಲ್ಲ ಅದೇ ನೋಡಿ ಹೇಳುತ್ತದೆ. ಇವುಗಳಲ್ಲಿ ಒಂದು ‘ಡೌನ್’ ಆದರೂ ಒಟ್ಟು ಉತ್ತರ ‘ಡೌನ್’, ಅಂದರೆ 503.

ಇದರ ಪರಿಣಾಮ ಯೋಚಿಸಿ. ಇಮೇಲ್ ಸರ್ವರ್ ಹತ್ತು ನಿಮಿಷ ಕೈಕೊಟ್ಟಿತು ಎನ್ನೋಣ. ಟಿಕೆಟ್ ಬುಕ್ ಆಗಲು ಇಮೇಲ್ ಬೇಕಾಗಿಲ್ಲ. ಎಸ್‌ಎಂಎಸ್ ಹೋದರೆ ಪ್ರಯಾಣಿಕರಿಗೆ ಸಾಕು. ಆದರೆ ಹೆಲ್ತ್ ವಿಳಾಸ 503 ಎನ್ನುತ್ತದೆ. ಎಲ್ಲ ಸರ್ವರ್‌ಗಳೂ ಅದೇ ಇಮೇಲ್ ಸರ್ವರನ್ನು ನಂಬಿರುವುದರಿಂದ ಎಲ್ಲವೂ ಒಟ್ಟಿಗೆ 503 ಎನ್ನುತ್ತವೆ. ಇಮೇಲ್ ಹೋಗದಿರುವುದು ಸಣ್ಣ ತೊಂದರೆ. ಅದಕ್ಕಾಗಿ ಇಡೀ ತಾಣವೇ ನಿಂತುಹೋದರೆ ಪರೀಕ್ಷೆಯೇ ರೋಗಕ್ಕಿಂತ ದುಬಾರಿಯಾಯಿತು.

ಇಂಥದ್ದು ಜಗತ್ತಿನ ಕಣ್ಣೆದುರೇ ನಡೆದಿದೆ. 2021ರ ಅಕ್ಟೋಬರ್ 4ರ ರಾತ್ರಿ 9 ಗಂಟೆ ದಾಟಿದ ಸ್ವಲ್ಪ ಹೊತ್ತಿಗೆ ನಮ್ಮೆಲ್ಲರ ವಾಟ್ಸ್‌ಆ್ಯಪ್ ನಿಶ್ಚಲವಾದದ್ದು ಬಹಳ ಜನರಿಗೆ ನೆನಪಿರಬಹುದು. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಕೂಡ ಸುಮಾರು 6 ಗಂಟೆ ಕಾಲ ಸಿಗಲಿಲ್ಲ. ಆಗ ಫೇಸ್‌ಬುಕ್ ಕಂಪನಿಯ ಮೂಲಸೌಕರ್ಯದ ಉಪಾಧ್ಯಕ್ಷರಾಗಿದ್ದ ಸಂತೋಷ್ ಜನಾರ್ದನ್ ಮರುದಿನ ಕಾರಣ ವಿವರಿಸಿದರು. ಡೇಟಾ ಸೆಂಟರ್‌ಗಳನ್ನು ಜೋಡಿಸುವ ಬೆನ್ನೆಲುಬು ಜಾಲದ ನಿರ್ವಹಣೆಯ ವೇಳೆ ಕೊಟ್ಟ ಒಂದು ಆಜ್ಞೆ ಇಡೀ ಜಾಲವನ್ನೇ ಕಡಿದುಹಾಕಿತು. ಅಂಥ ಆಜ್ಞೆಯನ್ನು ತಡೆಯಬೇಕಿದ್ದ ಸಾಧನದಲ್ಲೂ ದೋಷವಿತ್ತು.

ಮುಂದಿನದು ನಮ್ಮ ವಿಷಯಕ್ಕೆ ಸೇರಿದ್ದು. ‘ಫೇಸ್‌ಬುಕ್‌ನ ವಿಳಾಸ ಎಲ್ಲಿ’ ಎಂದು ಇಂಟರ್ನೆಟ್ ಕೇಳಿದಾಗ ಉತ್ತರಿಸುವ ಡಿಎನ್‌ಎಸ್ ಸರ್ವರ್‌ಗಳು ಜಗತ್ತಿನ ಹಲವೆಡೆ ಇವೆ. ತಮಗೆ ಡೇಟಾ ಸೆಂಟರ್ ಸಂಪರ್ಕ ಸಿಗದಿದ್ದರೆ, ತಮ್ಮ ಜಾಲ ಸರಿಯಿಲ್ಲವೆಂದು ತಿಳಿದು ಅವು ‘ನಾನಿಲ್ಲಿದ್ದೇನೆ’ ಎಂಬ ಘೋಷಣೆಯನ್ನು ಇಂಟರ್ನೆಟ್‌ನಿಂದ ಹಿಂತೆಗೆದುಕೊಳ್ಳುವಂತೆ ರೂಪಿಸಲಾಗಿತ್ತು. ಒಂದು ಊರಿನ ಸರ್ವರ್ ಕೆಟ್ಟಾಗ ಇದು ಅತ್ಯುತ್ತಮ ಏರ್ಪಾಡು; ಅದು ತಾನಾಗಿ ಸರಿಯುತ್ತದೆ, ಬೇರೆ ಊರಿನದು ಉತ್ತರಿಸುತ್ತದೆ. ಆ ದಿನ ಬೆನ್ನೆಲುಬೇ ಇಲ್ಲವಾದ್ದರಿಂದ ಎಲ್ಲ ಊರುಗಳ ಸರ್ವರ್‌ಗಳೂ ತಮ್ಮನ್ನು ಅಸ್ವಸ್ಥವೆಂದು ಸಾರಿಕೊಂಡು ಒಟ್ಟಿಗೆ ಹಿಂದೆ ಸರಿದವು. ಆ ಡಿಎನ್‌ಎಸ್ ಸರ್ವರ್‌ಗಳು ಒಳಗೆ ಸುಸ್ಥಿತಿಯಲ್ಲೇ ಓಡುತ್ತಿದ್ದವು. ಹೊರಗಿನವರು ಅವುಗಳನ್ನು ತಲುಪುವ ದಾರಿ ಮಾತ್ರ ಉಳಿದಿರಲಿಲ್ಲ. ಪ್ರತಿ ಸರ್ವರೂ ತನ್ನ ಮಟ್ಟಿಗೆ ಪ್ರಾಮಾಣಿಕವಾಗಿಯೇ ಉತ್ತರಿಸಿತ್ತು. ಎಲ್ಲವೂ ಒಮ್ಮೆಲೇ ಕೆಟ್ಟಿವೆ ಎಂದರೆ ಏನು ಮಾಡಬೇಕು ಎಂಬ ಪ್ರಶ್ನೆಗೆ ಆ ಏರ್ಪಾಡಿನಲ್ಲಿ ಉತ್ತರವಿರಲಿಲ್ಲ.

ಬದುಕಿದೆಯೇ, ಸಿದ್ಧವಿದೆಯೇ?

ಇದಕ್ಕೆ ಪರಿಹಾರವಾಗಿ ನಮ್ಮ ಕ್ಷೇತ್ರ ಕಂಡುಕೊಂಡದ್ದು ಒಂದು ಪ್ರಶ್ನೆಯನ್ನು ಒಡೆದು ಹಲವು ಮಾಡುವ ದಾರಿ. ಗೂಗಲ್ 2014ರಲ್ಲಿ ಹೊರತಂದ ಕುಬರ್ನೆಟಿಸ್ ಎಂಬ ವ್ಯವಸ್ಥೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಇಂದು ಸಾವಿರಾರು ಕಂಪನಿಗಳ ಸಾಫ್ಟ್‌ವೇರನ್ನು ಓಡಿಸುವ, ಬಿದ್ದರೆ ಎಬ್ಬಿಸುವ ಕೆಲಸ ಕುಬರ್ನೆಟಿಸ್‌ನದು. ಅದು ಕೇಳುವ ಪ್ರಶ್ನೆಗಳು ಮೂರು.

ಮೊದಲನೆಯದು ಲೈವ್‌ನೆಸ್: ಬದುಕಿದ್ದೀಯಾ? ಇಲ್ಲವೆಂದರೆ ಆ ಪ್ರತಿಯನ್ನು ಕೊಂದು ಹೊಸದಾಗಿ ಶುರುಮಾಡುತ್ತದೆ. ಎರಡನೆಯದು ರೆಡಿನೆಸ್: ಕೆಲಸಕ್ಕೆ ಸಿದ್ಧವಿದ್ದೀಯಾ? ಇಲ್ಲವೆಂದರೆ ಕೊಲ್ಲುವುದಿಲ್ಲ, ಸಿದ್ಧವೆನ್ನುವ ತನಕ ಗ್ರಾಹಕರ ಕೋರಿಕೆಗಳನ್ನು ಅದರ ಕಡೆ ಕಳಿಸುವುದಿಲ್ಲ. ಮೂರನೆಯದು ಸ್ಟಾರ್ಟಪ್: ಶುರುವಾಗಿ ಮುಗಿಯಿತಾ? ಮುಗಿಯುವ ತನಕ ಮೊದಲೆರಡು ಪ್ರಶ್ನೆಗಳನ್ನು ಕೇಳುವುದೇ ಇಲ್ಲ.

ಮೂರನೆಯದು ಬಂದದ್ದು ಅನುಭವದಿಂದ. ಕುಬರ್ನೆಟಿಸ್ ಪ್ರತಿ 10 ಸೆಕೆಂಡಿಗೊಮ್ಮೆ ಕೇಳುತ್ತದೆ, ಉತ್ತರಕ್ಕೆ 1 ಸೆಕೆಂಡ್ ಕೊಡುತ್ತದೆ, ಸತತ 3 ಸಲ ತಪ್ಪಿದರೆ ತೀರ್ಮಾನ ಮಾಡುತ್ತದೆ. ನೀವಾಗಿ ಬದಲಿಸದಿದ್ದರೆ ಇವೇ ಅಂಕಿಗಳು. ಅಂದರೆ ಅರ್ಧ ನಿಮಿಷದೊಳಗೆ ಎದ್ದು ನಿಲ್ಲದ ಸಾಫ್ಟ್‌ವೇರ್‌ಗೆ ಉಳಿಗಾಲವಿಲ್ಲ. ದೊಡ್ಡ ಜಾವಾ ಸಾಫ್ಟ್‌ವೇರ್‌ಗಳಿಗೆ ಏಳಲು ಒಂದು ನಿಮಿಷವೂ ಬೇಕಾಗುವುದುಂಟು. ಅರ್ಧ ದಾರಿಯಲ್ಲೇ ಅದನ್ನು ಕೊಂದು ಮತ್ತೆ ಶುರುಮಾಡುವುದು, ಮತ್ತೆ ಅರ್ಧ ದಾರಿಯಲ್ಲಿ ಕೊಲ್ಲುವುದು, ಹೀಗೆ ಸುತ್ತು ನಡೆಯುತ್ತಲೇ ಇರುತ್ತದೆ. ಸ್ಟಾರ್ಟಪ್ ಪ್ರಶ್ನೆ 2020ರ ಕೊನೆಯಲ್ಲಿ ಕುಬರ್ನೆಟಿಸ್‌ನ ಸ್ಥಿರ ಭಾಗವಾಯಿತು. ಅದೇ ವರ್ಷ ಸ್ಪ್ರಿಂಗ್ ಬೂಟ್ ಕೂಡ ಲೈವ್‌ನೆಸ್ ಮತ್ತು ರೆಡಿನೆಸ್‌ಗೆ ಬೇರೆ ಬೇರೆ ವಿಳಾಸ ಕೊಡುವ ಸೌಲಭ್ಯ ಸೇರಿಸಿತು.

ಇಲ್ಲಿರುವ ತಿರುಳನ್ನು ನಾನು ಹೊಸದಾಗಿ ಕೆಲಸಕ್ಕೆ ಸೇರುವವರಿಗೆಲ್ಲ ಹೇಳುತ್ತೇನೆ. ಯಂತ್ರಕ್ಕೆ ತಾನಾಗಿ ಮಾಡಲು ಬರುವುದು ಎರಡೇ ಕೆಲಸ: ಸರ್ವರನ್ನು ರೀಸ್ಟಾರ್ಟ್ ಮಾಡುವುದು, ಅಥವಾ ಅದರ ಕಡೆ ಕೋರಿಕೆ ಕಳಿಸುವುದನ್ನು ನಿಲ್ಲಿಸುವುದು. ಆದ್ದರಿಂದ ರೀಸ್ಟಾರ್ಟ್‌ನಿಂದ ಸರಿಹೋಗುವ ತೊಂದರೆಯನ್ನು ಮಾತ್ರ ಲೈವ್‌ನೆಸ್‌ನಲ್ಲಿ ಕೇಳಿ. ಬೇರೆ ಸರ್ವರ್‌ಗೆ ಕಳಿಸಿದರೆ ಸರಿಹೋಗುವ ತೊಂದರೆಯನ್ನು ಮಾತ್ರ ರೆಡಿನೆಸ್‌ನಲ್ಲಿ ಕೇಳಿ. ಎರಡರಿಂದಲೂ ಸರಿಹೋಗದ ತೊಂದರೆ ಇದ್ದರೆ ಯಂತ್ರದ ಕೈಗೆ ಕೊಡಬೇಡಿ, ಮನುಷ್ಯರನ್ನು ಎಬ್ಬಿಸಿ.

ಗೌರಿ ಹಬ್ಬದ ಹಿಂದಿನ ಸಂಜೆಯನ್ನು ಈ ಅಳತೆಯಿಂದ ನೋಡಿದರೆ ವಿಷಯ ನಿಚ್ಚಳವಾಗುತ್ತದೆ. ಡೇಟಾಬೇಸಿನ ಲಾಕ್ ರೀಸ್ಟಾರ್ಟ್‌ನಿಂದ ಹೋಗುತ್ತಿರಲಿಲ್ಲ. ಇನ್ನೊಂದು ಸರ್ವರ್‌ಗೆ ಕಳಿಸಿದರೂ ಅಲ್ಲಿ ಅದೇ ಲಾಕ್. ಹೆಲ್ತ್ ವಿಳಾಸ ಡೇಟಾಬೇಸನ್ನು ಪರೀಕ್ಷಿಸಿ 503 ಎಂದಿದ್ದರೆ ಎಲ್ಲ ಸರ್ವರ್‌ಗಳೂ ಸಾಲಿನಿಂದ ಹೊರಬೀಳಬಹುದಿತ್ತು, ಹಳೆಯ ಟಿಕೆಟ್ ತೆರೆದು ನೋಡಬೇಕೆಂದವರಿಗೂ ಪುಟ ಸಿಗದೆ ಹೋಗಬಹುದಿತ್ತು. ಅಲ್ಲಿ ಬೇಕಿದ್ದದ್ದು ಕರ್ತವ್ಯದಲ್ಲಿದ್ದ ಎಂಜಿನಿಯರಿನ ಫೋನಿಗೆ ಒಂದು ನಿಮಿಷದೊಳಗೆ ಅಲರ್ಟ್.

ಅದಕ್ಕಾಗಿ ಈಗ ನಮ್ಮಲ್ಲಿ ಪ್ರತ್ಯೇಕ ಏರ್ಪಾಡಿದೆ. ಪ್ರಯಾಣಿಕರಿಗೆ ಕಾಣದ ಒಂದು ಪರೀಕ್ಷಾ ಬಸ್ಸನ್ನು ವ್ಯವಸ್ಥೆಯಲ್ಲಿ ಸೇರಿಸಿದ್ದೇವೆ. ಒಂದು ಪ್ರೋಗ್ರಾಂ ನಿಮಿಷಕ್ಕೊಮ್ಮೆ ಗ್ರಾಹಕರ ಹಾಗೆಯೇ ಹೊರಗಿನಿಂದ ಬಂದು ಆ ಬಸ್ಸನ್ನು ಹುಡುಕುತ್ತದೆ, ಸೀಟುಗಳ ಚಾರ್ಟ್ ತೆರೆಯುತ್ತದೆ, ಒಂದು ಸೀಟು ಹಿಡಿದು ಬಿಡುತ್ತದೆ. ಈ ಸರಣಿಯಲ್ಲಿ ಎಲ್ಲಿ ತಡವಾದರೂ ನಮಗೆ ಫೋನ್ ಬರುತ್ತದೆ. ಸರ್ವರ್‌ಗಳ ಸಾಲನ್ನು ಮಾತ್ರ ಅದು ಮುಟ್ಟುವುದಿಲ್ಲ. ಕನೆಕ್ಷನ್ನಿಗಾಗಿ ಎಷ್ಟು ಕೋರಿಕೆಗಳು ಕಾಯುತ್ತಿವೆ ಎಂಬ ಅಂಕಿಯೂ ಪರದೆಯ ಮೇಲೆ ಬಂದಿದೆ. ಹೆಲ್ತ್ ವಿಳಾಸ ಮಾತ್ರ ಈಗಲೂ ಪುಟ್ಟದೇ.

ಪರೀಕ್ಷಿಸುವವರೇ ಎಡವಿದಾಗ

2025ರ ಅಕ್ಟೋಬರ್ 20, ನರಕ ಚತುರ್ದಶಿ. ನಮ್ಮಲ್ಲಿ ಮಧ್ಯಾಹ್ನ 12 ದಾಟಿದ ಹೊತ್ತಿಗೆ ಅಮೆರಿಕದ ಉತ್ತರ ವರ್ಜೀನಿಯಾದ ಎಡಬ್ಲ್ಯುಎಸ್ ಕೇಂದ್ರಗಳಲ್ಲಿ ಡೈನಮೋಡಿಬಿ ಎಂಬ ಡೇಟಾಬೇಸ್ ಸೇವೆಯ ಡಿಎನ್‌ಎಸ್ ವಿಳಾಸ ಖಾಲಿಯಾಯಿತು. ಅದನ್ನು ನಂಬಿದ್ದ ಸ್ನ್ಯಾಪ್‌ಚಾಟ್, ಸಿಗ್ನಲ್, ಕ್ಯಾನ್ವಾ, ಡುಯೊಲಿಂಗೊ ಸೇರಿದಂತೆ ಎಷ್ಟೋ ಸೇವೆಗಳು ತಡವರಿಸಿದವು. ಬೆಂಗಳೂರಿನಲ್ಲಿ ಹಬ್ಬದೂಟಕ್ಕೆ ಕುಳಿತಿದ್ದ ನನ್ನಂಥ ಬಹಳ ಜನ ಲ್ಯಾಪ್‌ಟಾಪ್ ಮುಂದೆ ಕುಳಿತರು.

ಮೂಲ ತೊಂದರೆ ಕೆಲವು ಗಂಟೆಗಳಲ್ಲಿ ಸರಿಯಾಯಿತು. ಆದರೆ ಸೇವೆಗಳು ಪೂರ್ತಿ ಹಳಿಗೆ ಬರಲಿಲ್ಲ. ಅದಕ್ಕೊಂದು ಕಾರಣ ಸರ್ವರ್‌ಗಳಿಗೆ ಈ ಪ್ರಶ್ನೆ ಕೇಳುವ ಹೆಲ್ತ್ ಚೆಕ್‌ಗಳೇ ಆಗಿದ್ದವು ಎಂಬುದು ಎಡಬ್ಲ್ಯುಎಸ್ ಆಮೇಲೆ ಪ್ರಕಟಿಸಿದ ವಿವರಣೆಯಲ್ಲಿದೆ. ಹೊಸದಾಗಿ ಶುರುವಾದ ಸರ್ವರ್‌ಗಳಿಗೆ ನೆಟ್‌ವರ್ಕ್ ವಿವರಗಳು ತಲುಪುವುದು ತಡವಾಗುತ್ತಿತ್ತು. ನೆಟ್‌ವರ್ಕ್ ಲೋಡ್ ಬ್ಯಾಲೆನ್ಸರ್‌ನ ಹೆಲ್ತ್ ಚೆಕ್ ಅವುಗಳನ್ನು ಕೆಟ್ಟಿವೆಯೆಂದು ತಿಳಿದು ಡಿಎನ್‌ಎಸ್‌ನಿಂದ ತೆಗೆಯುತ್ತಿತ್ತು. ಮುಂದಿನ ಸಲ ಸರಿಯಿವೆಯೆಂದು ಮತ್ತೆ ಸೇರಿಸುತ್ತಿತ್ತು. ಈ ಹೋಗಿ ಬರುವ ಆಟದಿಂದ ಹೆಲ್ತ್ ಚೆಕ್ ವ್ಯವಸ್ಥೆಯ ಮೇಲೆಯೇ ಹೊರೆ ಬಿದ್ದು ಅದೂ ನಿಧಾನವಾಯಿತು. ನಮ್ಮ ಸಮಯದಲ್ಲಿ ರಾತ್ರಿ 10 ಗಂಟೆ 6 ನಿಮಿಷಕ್ಕೆ ಅಲ್ಲಿನ ಎಂಜಿನಿಯರುಗಳು ಕೊನೆಗೆ ಆ ಸ್ವಯಂಚಾಲಿತ ಬದಲಾವಣೆಯನ್ನೇ ನಿಲ್ಲಿಸಿದರು. ಸುಸ್ಥಿತಿಯಲ್ಲಿದ್ದ ಸರ್ವರ್‌ಗಳೆಲ್ಲ ಮತ್ತೆ ಕೆಲಸಕ್ಕೆ ಬಂದವು.

ಇಂಥ ಸಂದರ್ಭಕ್ಕೆಂದೇ ಒಂದು ಒಳ್ಳೆಯ ನಿಯಮ ಬಳಕೆಯಲ್ಲಿದೆ. ಅಪ್ಲಿಕೇಶನ್ ಲೋಡ್ ಬ್ಯಾಲೆನ್ಸರ್ ತನ್ನ ಹಿಂದಿನ ಎಲ್ಲ ಸರ್ವರ್‌ಗಳೂ ಕೆಟ್ಟಿವೆ ಎಂಬ ಉತ್ತರ ಬಂದಾಗ ಯಾವುದನ್ನೂ ಹೊರಗೆ ಹಾಕುವುದಿಲ್ಲ. ಎಲ್ಲಕ್ಕೂ ಕೋರಿಕೆ ಕಳಿಸುತ್ತದೆ. ಒಂದು ಕೆಟ್ಟರೆ ಆ ಸರ್ವರನ್ನು ಅನುಮಾನಿಸು, ಎಲ್ಲ ಕೆಟ್ಟರೆ ನಿನ್ನ ಪರೀಕ್ಷೆಯನ್ನೇ ಅನುಮಾನಿಸು ಎಂಬುದು ಇದರ ತತ್ತ್ವ. ಸ್ವಂತವಾಗಿ ಹೆಲ್ತ್ ಚೆಕ್ ಬರೆಯುವ ಪ್ರತಿ ತಂಡವೂ ಈ ತತ್ತ್ವವನ್ನು ಅಳವಡಿಸಿಕೊಳ್ಳಬೇಕು.

ಇನ್ನೊಂದು ಎಚ್ಚರ ಭದ್ರತೆಯದು. ಹೆಲ್ತ್ ವಿಳಾಸ ಹೊರಗಿನವರಿಗೆ ‘ಅಪ್’ ಅಥವಾ ‘ಡೌನ್’ ಎಂದಷ್ಟೇ ಹೇಳಬೇಕು. ಯಾವ ಡೇಟಾಬೇಸ್, ಯಾವ ಆವೃತ್ತಿ, ಒಳಗಿನ ವಿಳಾಸವೇನು ಎಂಬ ವಿವರ ದುರುದ್ದೇಶದವರಿಗೆ ನಕ್ಷೆ ಕೊಟ್ಟಂತೆ. ಸ್ಪ್ರಿಂಗ್ ಬೂಟ್ ತಾನಾಗಿ ಈ ವಿವರಗಳನ್ನು ತೋರಿಸುವುದಿಲ್ಲ. ಅನುಕೂಲಕ್ಕೆಂದು ಯಾರೋ ತೆರೆದಿಟ್ಟಾಗ ಅಪಾಯ ಶುರುವಾಗುತ್ತದೆ. 2024ರ ಕೊನೆಯಲ್ಲಿ ಫೋಕ್ಸ್‌ವ್ಯಾಗನ್ ಸಮೂಹದ ಸುಮಾರು 8 ಲಕ್ಷ ವಿದ್ಯುತ್ ಕಾರುಗಳ ಮಾಹಿತಿ ಹೊರಗಿನವರ ಕೈಗೆ ಸಿಗುವಂತಿದ್ದದ್ದು ಬಯಲಾಯಿತು. ಹೆಲ್ತ್ ವಿಳಾಸದ ಪಕ್ಕದಲ್ಲೇ ಇರುವ, ಸಾಫ್ಟ್‌ವೇರ್‌ನ ಮೆಮೊರಿಯನ್ನು ಪೂರ್ತಿ ನಕಲು ತೆಗೆದುಕೊಡುವ ಇನ್ನೊಂದು ಆಕ್ಚುಯೇಟರ್ ವಿಳಾಸ ಅಲ್ಲಿ ತೆರೆದೇ ಇತ್ತು.

ನಮ್ಮ ಕೌಂಟರುಗಳಿಗೆ ಇದರಿಂದ ಏನು?

ಇಂದು ಪಹಣಿಯಿಂದ ಹಿಡಿದು ಜಾತಿ ಪ್ರಮಾಣಪತ್ರದವರೆಗೆ, ಪಡಿತರದ ಬೆರಳಚ್ಚಿನಿಂದ ಹಿಡಿದು ಆಸ್ತಿ ನೋಂದಣಿಯವರೆಗೆ ಎಲ್ಲವೂ ಯಾವುದೋ ಸರ್ವರ್ ಮೇಲೆ ನಿಂತಿದೆ. ಕೂಲಿ ಬಿಟ್ಟು, ಬಸ್ಸು ಹಿಡಿದು ತಾಲ್ಲೂಕು ಕೇಂದ್ರಕ್ಕೆ ಬಂದವರಿಗೆ “ಸರ್ವರ್ ಇಲ್ಲ, ನಾಳೆ ಬನ್ನಿ” ಎಂಬ ಉತ್ತರ ಸಿಕ್ಕರೆ ಅವರ ಒಂದು ದಿನದ ದುಡಿಮೆ ಹೋಯಿತು. ಅಲ್ಲಿ ಕೆಟ್ಟದ್ದು ಕಚೇರಿಯ ಇಂಟರ್ನೆಟ್ಟೋ, ಒಂದು ಸರ್ವರೋ, ಡೇಟಾಬೇಸೋ, ಎಸ್‌ಎಂಎಸ್ ಒಟಿಪಿ ಕಳಿಸುವ ಬೇರೊಂದು ಸೇವೆಯೋ ಎಂಬುದು ಕೌಂಟರಿನಲ್ಲಿ ಕುಳಿತವರಿಗೂ ಗೊತ್ತಿರುವುದಿಲ್ಲ. ಗೊತ್ತಾಗುವಂತೆ ಮಾಡಲು ಬರುತ್ತದೆ, ಅದಕ್ಕೆ ದೊಡ್ಡ ಖರ್ಚೂ ಇಲ್ಲ.

ಸಾರ್ವಜನಿಕ ಸೇವೆಯ ಸಾಫ್ಟ್‌ವೇರ್ ಬರೆಸುವ ಅಧಿಕಾರಿಗಳು, ಸಹಕಾರ ಸಂಘದವರು, ಶಾಲೆ ಆಸ್ಪತ್ರೆಗಳ ಆಡಳಿತದವರು ಟೆಂಡರಿನಲ್ಲೇ ನಾಲ್ಕು ವಿಷಯ ಬರೆಯಿಸಲಿ. ಸಾಫ್ಟ್‌ವೇರ್‌ಗೆ ಲೈವ್‌ನೆಸ್ ಮತ್ತು ರೆಡಿನೆಸ್ ವಿಳಾಸಗಳು ಬೇರೆ ಬೇರೆ ಇರಬೇಕು. ನಾಗರಿಕರು ಮಾಡುವ ಮುಖ್ಯ ಕೆಲಸವನ್ನು ನಿಮಿಷಕ್ಕೊಮ್ಮೆ ಹೊರಗಿನಿಂದ ಮಾಡಿ ನೋಡುವ ಪರೀಕ್ಷೆ ಇರಬೇಕು. ಅದು ತಪ್ಪಿದಾಗ ಯಾರ ಫೋನ್ ರಿಂಗಾಗುತ್ತದೆ ಎಂಬುದು ಹುದ್ದೆ ಸಮೇತ ಬರೆದಿರಬೇಕು. ಕೊನೆಯದಾಗಿ, ಯಾವ ಸೇವೆ ನಡೆಯುತ್ತಿದೆ, ಯಾವುದು ನಿಂತಿದೆ, ಎಷ್ಟು ಹೊತ್ತಿಗೆ ಸರಿಹೋಗಬಹುದು ಎಂದು ಕನ್ನಡದಲ್ಲಿ ತಿಳಿಸುವ ಒಂದು ಸ್ಥಿತಿ ಪುಟ ಎಲ್ಲರಿಗೂ ತೆರೆದಿರಬೇಕು. ಅದು ಆ ತಾಣದ ಸರ್ವರ್‌ಗಳ ಮೇಲೆಯೇ ಇರದೆ ಬೇರೆಡೆ ಇರಬೇಕು. ಮನೆಯಿಂದ ಹೊರಡುವ ಮುನ್ನವೇ ಮೊಬೈಲಿನಲ್ಲಿ ಅದನ್ನು ನೋಡಿಕೊಂಡರೆ ಒಂದು ದಿನದ ಕೂಲಿ ಉಳಿಯುತ್ತದೆ.

ಎಂಜಿನಿಯರಿಂಗ್ ಓದುತ್ತಿರುವ, ಈಗಷ್ಟೇ ಕೆಲಸಕ್ಕೆ ಸೇರಿರುವ ತಮ್ಮಂದಿರಿಗೆ, ತಂಗಿಯರಿಗೆ ನನ್ನದೊಂದು ವಿನಂತಿ. ಹೆಲ್ತ್ ಎಂಡ್‌ಪಾಯಿಂಟ್ ಬರೆಯುವುದನ್ನು ಕೊನೆಯ ದಿನಕ್ಕೆ ಉಳಿಸಬೇಡಿ, ಎಲ್ಲಿಂದಲೋ ನಕಲು ಮಾಡಿ ಅಂಟಿಸಬೇಡಿ. ಅದು ಹತ್ತು ಸಾಲಿನ ಕೋಡ್ ನಿಜ. ಆದರೆ ಆ ಹತ್ತು ಸಾಲು ಬರೆಯುವ ಮುನ್ನ ‘ಇಲ್ಲ’ ಎಂಬ ಉತ್ತರ ಬಂದರೆ ಏನಾಗಬೇಕು ಎಂದು ಕುಳಿತು ಯೋಚಿಸಿ, ಒಂದು ಹಾಳೆಯಲ್ಲಿ ಬರೆದಿಡಿ. ಬಿಡುವಾದಾಗ ಡೇಟಾಬೇಸನ್ನು ನೀವೇ ನಿಲ್ಲಿಸಿ, ಹಾಳೆಯಲ್ಲಿ ಬರೆದಂತೆಯೇ ನಡೆಯುತ್ತದೆಯೇ ಎಂದು ನೋಡಿ. ಈ ಯೋಚನೆ ಮಾಡಿದ ತಂಡದ ತಾಣ ಕೆಟ್ಟರೂ ಬೇಗ ಏಳುತ್ತದೆ. ಮಾಡದ ತಂಡದ ತಾಣ ಕೆಟ್ಟಿದೆಯೆಂದು ಮೊದಲು ಗೊತ್ತಾಗುವುದು ಗ್ರಾಹಕರಿಗೆ.